ನಾಲೆಯ ನೀರು, ನಮ್ಮ ಹೊಣೆ



ನಂಜನಗೂಡು, ತಿ. ನರಸೀಪುರದ ಗದ್ದೆಗಳಿಗೆ ನೀರುಣಿಸುವ ಕಬಿನಿ ಅಣೆಕಟ್ಟೆ 1974ರಲ್ಲಿ ಮುಗಿಯಿತು. ಇಂದು ಅದು ಕಾವೇರಿ ನೀರಾವರಿ ನಿಗಮದ ಕೈಯಲ್ಲಿದೆ. 2003ರಲ್ಲಿ ಹುಟ್ಟಿದ ನಿಗಮ ಪೂರ್ತಿ ಸರ್ಕಾರದ ಕಂಪನಿ, ಮುಖ್ಯಮಂತ್ರಿಗಳೇ ಅಧ್ಯಕ್ಷರು. ಸರ್ಕಾರ ಕೊಡುವ ಬಂಡವಾಳ, ತರುವ ಸಾಲ, ಇವೇ ಅದರ ಮುಖ್ಯ ಹಣ. ಅಲ್ಲಿ ನಮಗೆ ಓಟಿಲ್ಲ.

ಆದರೆ ಊರ ಕಾಲುವೆಯಲ್ಲಿ? 2000ದ ತಿದ್ದುಪಡಿ ಕಾನೂನು ನೀರು ಬಳಕೆದಾರರ ಸಹಕಾರ ಸಂಘಕ್ಕೆ ನೀರು ಹಂಚುವ, ಕಂದಾಯ ವಸೂಲಿ ಮಾಡುವ ದಾರಿ ತೆರೆಯಿತು. ಅಲ್ಲಿ ನಮಗೂ ಒಂದು ಓಟುಂಟು. ಸಭೆಗೆ ಹೋಗದೆ, ನೀರಿನ ಕಂದಾಯ ಕಟ್ಟದೆ, ಬರೀ ಗೊಣಗ್ತಾ ಕೂತರೆ ಕಾಲುವೆ ಹೂಳು ತೆಗೆಸೋರು ಯಾರು? ಮೇಲಿನ ಗದ್ದೆಯವರು ತೂಬು ಬಿಟ್ಟು ಮಲಗಿದರೆ ಕೊನೆಗದ್ದೆಯ ಅಣ್ಣತಮ್ಮಂದಿರ ಪೈರು ಒಣಗುತ್ತದೆ.

ಇಪ್ಪತ್ತೈದು ವರ್ಷ ಸಾಲ, ಗೊಬ್ಬರಕ್ಕೆ ಒಂದಾದ ಕವಲಂದೆಯ ನಾವು ನೀರಿಗೂ ಒಂದಾಗೋಣ.