ಹುಳುವಿನ ಒಡಲಲ್ಲಿ ಅಡಗಿರುವ ನಂಜಾಣುಗಳು
(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತೊಗರಿ ಹೊಲಕ್ಕೆ ಎನ್.ಪಿ.ವಿ. ನಂಜಾಣು ಸಿಂಪಡಿಸಿದ ಕೆಲವು ದಿನಗಳ ಮೇಲೆ ಕಾಯಿಕೊರಕದ ಹುಳುಗಳು ಗಿಡದ ತುದಿಗೆ ಏರಿ ತಲೆಕೆಳಗಾಗಿ ಜೋತುಬಿದ್ದು ಸಾಯುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಮುಟ್ಟಿದರೆ ಚರ್ಮ ಒಡೆದು ಒಳಗಿನದೆಲ್ಲ ನೀರಾಗಿ ಸುರಿಯುತ್ತದೆ. ಆ ನೀರಿನ ತುಂಬ ನಂಜಾಣುವಿನ ಕಣಗಳೇ. ಇಂಥ ರೋಗವನ್ನು ಗುರುತಿಸಲು ಕಣ್ಣು ಸಾಕು, ಖಚಿತಪಡಿಸಿಕೊಳ್ಳಲು ಸೂಕ್ಷ್ಮದರ್ಶಕ ಸಾಕು.

ಬಹುಕಾಲ ಕೀಟಗಳ ನಂಜಾಣುಗಳನ್ನು ಹುಡುಕಿದ್ದು ಹೀಗೆಯೇ. ಮೊದಲು ಸತ್ತ ಹುಳು, ಆಮೇಲೆ ಅದರ ಕಾರಣ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ನಂಜಾಣು 1960ರ ದಶಕದಲ್ಲಿ ಮಲೇಷ್ಯಾದಲ್ಲಿ ದೊರೆತದ್ದೂ ಕಾಯಿಲೆ ಬಿದ್ದ ಮರಿಹುಳುಗಳಲ್ಲಿ. ಅದನ್ನು 1967ರಲ್ಲಿ ಸಮೋವಾ ದ್ವೀಪಗಳಲ್ಲಿ ಬಿಟ್ಟು ದುಂಬಿಯ ಕಾಟವನ್ನು ಬಹಳಮಟ್ಟಿಗೆ ತಗ್ಗಿಸಲಾಯಿತು.

ಆದರೆ ಹುಳು ಸಾಯದಿದ್ದರೆ? ಮೈಯಲ್ಲಿ ನಂಜಾಣು ಇದ್ದೂ ಅದು ಚೆನ್ನಾಗಿ ಮೇಯುತ್ತ, ಬೆಳೆಯುತ್ತ, ಪತಂಗವಾಗಿ ಮೊಟ್ಟೆ ಇಡುತ್ತಿದ್ದರೆ? ಅಂಥ ನಂಜಾಣು ಹಳೆಯ ವಿಧಾನಕ್ಕೆ ಸಿಗುವುದಿಲ್ಲ. ಅದು ಸಿಗತೊಡಗಿದ್ದು ಈಚೆಗೆ, ಅನುವಂಶಿಕ ವಸ್ತುವನ್ನು ಅಕ್ಷರ ಅಕ್ಷರವಾಗಿ ಓದುವ ಯಂತ್ರಗಳು ಬಂದ ಮೇಲೆ.

ಕ್ರಮ ಹೀಗಿದೆ. ಹುಳುವನ್ನು ಅರೆದು ಅದರಲ್ಲಿನ ಆರ್.ಎನ್.ಎ.ಯನ್ನು ಬೇರ್ಪಡಿಸಿ ಚೂರು ಚೂರಾಗಿ ಓದಿಸುತ್ತಾರೆ. ಲಕ್ಷಾಂತರ ತುಣುಕುಗಳು ಬರುತ್ತವೆ. ಬಹುಪಾಲು ಹುಳುವಿನವೇ. ಅವನ್ನು ಗಣಕಯಂತ್ರದಲ್ಲಿ ಕಳೆದುಬಿಟ್ಟರೆ ಉಳಿಯುವುದು ಹುಳು ತಿಂದ ಎಲೆಯದು, ಕರುಳಿನ ಬ್ಯಾಕ್ಟೀರಿಯಾಗಳದು ಮತ್ತು ನಂಜಾಣುಗಳದು. ಕಣದಲ್ಲಿ ರಾಶಿ ತೂರಿ ಕಾಳು ಇಟ್ಟುಕೊಂಡು ಹೊಟ್ಟು ಬಿಡುತ್ತೀರಿ. ಇಲ್ಲಿ ಕಾಳನ್ನು ಬದಿಗಿಟ್ಟು ಹೊಟ್ಟಿನಲ್ಲಿ ಹುಡುಕುತ್ತಾರೆ. ಬೇರೆ ಯಾವುದೋ ಉದ್ದೇಶಕ್ಕೆ ಓದಿಸಿ ಇಟ್ಟ ಮಾಹಿತಿಯಲ್ಲಿಯೂ ಹೀಗೆ ಹುಡುಕಬಹುದು. ಹೊಸದಾಗಿ ಒಂದು ಹುಳುವನ್ನೂ ಹಿಡಿಯಬೇಕಾಗಿಲ್ಲ.

ಅಕ್ಷರಗಳು ಸಿಕ್ಕ ಮಾತ್ರಕ್ಕೆ ಜೀವಂತ ನಂಜಾಣು ಸಿಕ್ಕಿತೆಂದು ತಿಳಿಯಬಾರದು. ಅದು ಹುಳು ತಿಂದ ಗಿಡದ ನಂಜಾಣುವಾಗಿರಬಹುದು; ಹುಳುವಿನೊಳಗೆ ಬೆಳೆಯುತ್ತಿದ್ದ ಪರಾವಲಂಬಿ ಕಣಜದ್ದಾಗಿರಬಹುದು; ಎಂದೋ ಹುಳುವಿನ ವರ್ಣತಂತುವಿನಲ್ಲಿ ಸೇರಿಹೋದ ಹಳೆಯ ತುಂಡೂ ಆಗಿರಬಹುದು. ನಂಜಾಣುವನ್ನು ಶುದ್ಧವಾಗಿ ಬೇರ್ಪಡಿಸಿ, ಆರೋಗ್ಯವಂತ ಹುಳುಗಳಿಗೆ ತಿನ್ನಿಸಿ ನೋಡುವ ಹಳೆಯ ಪರೀಕ್ಷೆಗೆ ಬದಲಿ ಇಲ್ಲ. ಬರಿಯ ಪಟ್ಟಿ ಮಾಡಿ ನಿಲ್ಲಿಸುವ ವರದಿಗಳಿಂದ ಹೊಲಕ್ಕೆ ಹೆಚ್ಚಿನ ಪ್ರಯೋಜನವಿಲ್ಲ.

ಪೂರ್ಣ ಪರೀಕ್ಷೆ ನಡೆದ ಒಂದು ಉದಾಹರಣೆ ನಮ್ಮ ತೊಗರಿ, ಕಡಲೆಯ ಶತ್ರುವಾದ ಇದೇ ಕಾಯಿಕೊರಕದ್ದು. ಚೀನಾದಲ್ಲಿ ಹತ್ತಿ ಕಾಯಿಕೊರಕವೆಂದು ಕರೆಯುವ ಇದೇ ಕೀಟದ ಆರ್.ಎನ್.ಎ. ಓದಿಸಿದಾಗ ಡೆನ್ಸೋವೈರಸ್ ಗುಂಪಿನ ಹೊಸದೊಂದು ನಂಜಾಣು ಕಂಡಿತು. ಇದರ ಮೂಲ ವಸ್ತು ಡಿ.ಎನ್.ಎ.; ಆದರೂ ಅದು ಕೆಲಸ ನಡೆಸುವಾಗ ಆರ್.ಎನ್.ಎ. ಪ್ರತಿಗಳನ್ನು ಮಾಡಿಕೊಳ್ಳುವುದರಿಂದ ಸುಳಿವು ಸಿಕ್ಕಿತು. 2008ರಿಂದ 2012ರವರೆಗೆ ಹಿಡಿದ ಪತಂಗಗಳಲ್ಲಿ ನೂರಕ್ಕೆ 67ಕ್ಕಿಂತ ಹೆಚ್ಚಿನವುಗಳಲ್ಲಿ ಅದು ಇತ್ತು. 2014ರಲ್ಲಿ ಪ್ರಕಟವಾದ ಫಲಿತಾಂಶ ಯಾರೂ ನಿರೀಕ್ಷಿಸಿರದಂಥದು. ಈ ನಂಜಾಣು ಇರುವ ಹುಳುಗಳು ಬೇಗ ಬೆಳೆದವು, ಹೆಚ್ಚು ಮೊಟ್ಟೆ ಇಟ್ಟವು. ಅಷ್ಟೇ ಅಲ್ಲ, ಎನ್.ಪಿ.ವಿ.ಯನ್ನು ಹೆಚ್ಚಾಗಿ ತಡೆದುಕೊಂಡವು. ಕಡಿಮೆ ಪ್ರಮಾಣದ ಬಿ.ಟಿ. ವಿಷವನ್ನೂ ತಾಳಿಕೊಂಡವು. ತಾಯಿಯಿಂದ ಮರಿಗೆ ಇದು ದಾಟುತ್ತದೆ. ಆಹಾರದ ಮೂಲಕ ಹರಡಲು ಮಾತ್ರ ದೊಡ್ಡ ಪ್ರಮಾಣ ಬೇಕಾಯಿತು. ಒಂದು ನಂಜಾಣು ನಮ್ಮ ಕಡೆ, ಇನ್ನೊಂದು ಹುಳುವಿನ ಕಡೆ!

ಮೆಕ್ಕೆಜೋಳದ ರೈತರಿಗೆ 2018ರಿಂದ ಪರಿಚಯವಾದ ಫಾಲ್ ಸೈನಿಕ ಹುಳುವಿನದೂ ಇಂಥದೇ ಕಥೆ. ಅದರ ಕೋಶದ ಅಂಡಾಶಯದಿಂದ ತೆಗೆದ ಜೀವಕೋಶಗಳನ್ನು 1970ರ ದಶಕದಿಂದ ಪ್ರಯೋಗಶಾಲೆಗಳಲ್ಲಿ ಬೆಳೆಸುತ್ತಿದ್ದಾರೆ. ಲಸಿಕೆ ತಯಾರಿಕೆಗೂ ಬಳಸುತ್ತಾರೆ. ಆ ಜೀವಕೋಶಗಳಲ್ಲಿ ರ್‍ಹಾಬ್ಡೋ ಜಾತಿಯ ನಂಜಾಣು ಸದ್ದಿಲ್ಲದೆ ವಾಸವಾಗಿದೆಯೆಂದು ತಿಳಿದದ್ದು 2014ರಲ್ಲಿ.

"ಹಾಗಾದರೆ ನಮ್ಮ ಹೊಲದಲ್ಲಿ ಎನ್.ಪಿ.ವಿ. ಕೆಲಸ ಮಾಡದಿದ್ದುದಕ್ಕೆ ಇದೇ ಕಾರಣವೇ?" ಎಂದು ನೀವು ಕೇಳಬಹುದು. ಅವಸರ ಬೇಡ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿಗೆ ಸಿಂಪಡಿಸಿದ್ದರೆ ಸೂರ್ಯನ ಕಿರಣಗಳೇ ನಂಜಾಣುವನ್ನು ಕೊಂದಿರುತ್ತವೆ. ಬೆರಳುದ್ದ ಬೆಳೆದು ಕಾಯೊಳಗೆ ತಲೆ ತೂರಿಸಿದ ಹುಳುವಿಗೆ ಸಿಂಪಡಿಸಿದ್ದರೂ ಫಲ ಅಷ್ಟಕ್ಕಷ್ಟೆ. ಮೊದಲು ಇವನ್ನು ಸರಿಪಡಿಸಿಕೊಳ್ಳಿ.

ಆದರೆ ಊರಿನಲ್ಲೇ ಎನ್.ಪಿ.ವಿ. ತಯಾರಿಸುವ ಗುಂಪುಗಳಿಗೆ ಈ ಸಂಶೋಧನೆ ನೇರವಾಗಿ ಸಂಬಂಧಿಸಿದೆ. ಹೊಲದಿಂದ ಆಯ್ದ ಹುಳುಗಳನ್ನು ಅರೆದು ಸೋಸಿದ ದ್ರಾವಣದಲ್ಲಿ ಎನ್.ಪಿ.ವಿ. ಒಂದೇ ಇರುತ್ತದೆಂಬ ಭರವಸೆ ಇಲ್ಲ. ಹುಳುವಿನ ಒಡಲಲ್ಲಿ ಏನೇನಿತ್ತೋ ಅದೆಲ್ಲವೂ ಅರೆದು ಸೇರಿರುತ್ತದೆ, ಸೂಕ್ಷ್ಮದರ್ಶಕದಲ್ಲಿ ಎನ್.ಪಿ.ವಿ. ಕಣಗಳು ಕಂಡರೂ ಡೆನ್ಸೋ ಜಾತಿಯ ಅತಿಸಣ್ಣ ಕಣಗಳು ಕಾಣುವುದಿಲ್ಲ. ಆದ್ದರಿಂದ ಮೂಲ ನಂಜಾಣುವನ್ನು ಪರೀಕ್ಷೆ ಮಾಡಿದ ಪ್ರಯೋಗಶಾಲೆಯಿಂದಲೇ ತರಬೇಕು. ಹುಳು ಸಾಕುವವರು ರೋಗವಿಲ್ಲದ ತಳಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಪ್ರತಿ ಸಲ ಹೊಲದ ಹುಳುವನ್ನೇ ಬೆರೆಸುವ ಅಭ್ಯಾಸವನ್ನು ಬಿಡಬೇಕು.

ಬಳಸುವವರು ಹೂ ಬಿಡುವ ಹೊತ್ತಿಗೆ, ಮೊಟ್ಟೆ ಒಡೆದು ಹುಳು ಇನ್ನೂ ಸಣ್ಣದಿರುವಾಗ, ಎಕರೆಗೆ 100 ಎಲ್.ಇ. ಪ್ರಮಾಣದಲ್ಲಿ, ಪ್ರತಿ ಲೀಟರ್ ನೀರಿಗೆ 5 ಗ್ರಾಂ ಬೆಲ್ಲ ಹಾಗೂ ಸ್ವಲ್ಪ ಬಟ್ಟೆಯ ನೀಲಿ ಬೆರೆಸಿ, ಸಂಜೆ ಬಿಸಿಲು ಇಳಿದ ಮೇಲೆ ಸಿಂಪಡಿಸತಕ್ಕದ್ದು. ದೊಡ್ಡ ಹುಳುಗಳಿದ್ದರೆ ಗಿಡ ಅಲುಗಿಸಿ ಚಾಪೆಯ ಮೇಲೆ ಉದುರಿಸಿ ಆರಿಸುವುದೇ ಲೇಸು.