ಪರ್ಮಿಟ್ ಕೈಗೆ ಬರುವ ಮೊದಲು ಊರಿಗೆ ಬರಬಹುದೇ?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ, ವಿದೇಶಕ್ಕೆ ಹೊರಟಿರುವ ವಿದ್ಯಾರ್ಥಿಗಳು ಮತ್ತು ಅವರ ಪೋಷಕರಿಗಾಗಿ ಮಾಡಿದ ಭಾಷಣ)





ಜರ್ಮನಿಗೆ ಓದಲು ಹೋಗುವವರಿಗೆ ಫೀಸು, ಬ್ಯಾಂಕ್ ಖಾತೆ, ವೀಸಾದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಲಿರುವುದು ಅಲ್ಲಿಗೆ ತಲುಪಿದ ನಂತರದ ವಿಷಯ. ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಿ ಕಾಯುತ್ತಿರುವಾಗ ಊರಿಗೆ ಬಂದು ಹೋಗಬಹುದೇ?

ಇಲ್ಲಿ ಪಾಸ್‌ಪೋರ್ಟಿಗೆ ಅಂಟಿಸಿ ಕೊಡುವ ವೀಸಾದ ಅವಧಿ ಸಾಮಾನ್ಯವಾಗಿ ಕೆಲವು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಅದು ಮುಗಿಯುವುದರೊಳಗೆ ನೀವು ವಾಸಿಸುವ ಊರಿನ ವಿದೇಶೀಯರ ಕಚೇರಿಗೆ ಪರ್ಮಿಟ್ ಅರ್ಜಿ ಸಲ್ಲಿಸಬೇಕು. ದೊಡ್ಡ ನಗರಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗಲಿಕ್ಕೇ ತಿಂಗಳುಗಳಾಗುವುದುಂಟು. ಮಂಜೂರಾದ ಮೇಲೂ ಕಾರ್ಡು ಬರ್ಲಿನ್‌ನಲ್ಲಿ ಮುದ್ರಣವಾಗಿ ಬರಲು ವಾರಗಳು ಬೇಕು. ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕಿದವರು ಈ ಅವಧಿಯಲ್ಲಿ ಅಲ್ಲಿರುವುದು ಕಾನೂನುಬದ್ಧವೇ. ಆದರೆ ಅಲ್ಲಿ ಇರುವ ಹಕ್ಕು ಬೇರೆ, ಹೊರಗೆ ಹೋಗಿ ಮರಳುವ ಹಕ್ಕು ಬೇರೆ.

ಕಾಯುವವರಿಗೆ ಆ ಕಚೇರಿ ಒಂದು ಕಾಗದ ಕೊಡುತ್ತದೆ. ಹೆಸರು ‘ಫಿಕ್ಷನ್ಸ್‌ಬೆಶೈನಿಗುಂಗ್’. ಅದರ ಒಳಗೆ ಗುರುತು ಹಾಕುವ ಚೌಕಗಳಿವೆ. ನಿವಾಸ ಕಾನೂನಿನ 81ನೇ ಕಲಮಿನ 4ನೇ ಉಪಕಲಮಿಗೆ ಗುರುತು ಇದ್ದರೆ ನಿಮ್ಮ ಹಳೆಯ ವೀಸಾ ಮುಂದುವರಿದಿದೆ ಎಂದರ್ಥ. ಆ ಕಾಗದದ ಅವಧಿಯೊಳಗೆ ಹೋಗಿ ಬರಬಹುದು. 3ನೇ ಉಪಕಲಮಿಗೆ ಗುರುತು ಇದ್ದರೆ ಅಲ್ಲಿ ಇರಬಹುದು, ಹೊರಗೆ ಹೋದರೆ ಆ ಕಾಗದ ತೋರಿಸಿ ಮರಳಲಾಗದು. ಅರ್ಜಿ ತಲುಪಿದೆ ಎಂಬ ಇಮೇಲ್ ಆಗಲಿ, ಅಪಾಯಿಂಟ್‌ಮೆಂಟ್ ಚೀಟಿಯಾಗಲಿ ಈ ಕಾಗದಕ್ಕೆ ಸಮವಲ್ಲ. ಪ್ರಯಾಣ ಮಾಡಲೇಬೇಕಾದರೆ ಕಾಗದವನ್ನು ಕೇಳಿ ಪಡೆಯಿರಿ.

ದೇಶ ಬದಲಾದರೆ ನಿಯಮವೂ ಬದಲಾಗುತ್ತದೆ. ಪೋಲೆಂಡಿನಲ್ಲಿ ತಾತ್ಕಾಲಿಕ ಪರ್ಮಿಟ್‌ಗೆ ಕಾಯುವವರು ತೀರ್ಮಾನ ಬರುವವರೆಗೆ ಅಲ್ಲಿರಬಹುದು. ಆದರೆ ವೀಸಾ ಮುಗಿದ ಮೇಲೆ ಊರಿಗೆ ಬಂದರೆ ಮರಳಲು ಹೊಸ ವೀಸಾವೇ ಬೇಕು. ಜರ್ಮನಿಯಲ್ಲಿರುವ ಗೆಳೆಯ ಬಂದು ಹೋದ ಎಂದು ಪೋಲೆಂಡಿನಲ್ಲಿರುವವರು ಟಿಕೆಟ್ ತೆಗೆಯಬಾರದು.

ಇನ್ನೊಂದು ಮಾತು. ವೀಸಾ ಅಥವಾ ಪರ್ಮಿಟ್ ಚಾಲ್ತಿಯಲ್ಲಿದ್ದರೆ ಉಳಿದ ಶೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಸುತ್ತಾಡಬಹುದು. ಬರೀ ಕಾಯುವ ಕಾಗದ ಇದ್ದಾಗ ಅದನ್ನು ನಂಬಿ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಮೂಲಕ ವಿಮಾನ ಬದಲಾಯಿಸುವುದು ಬೇಡ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ದುಬೈ, ದೋಹಾ ಮೂಲಕವೂ ನೇರವಾಗಿ ಜರ್ಮನಿಯಲ್ಲೇ ಇಳಿಯಬಹುದು. ಅವಧಿ ಮುಗಿದ ವೀಸಾ ಇರುವ ಪಾಸ್‌ಪೋರ್ಟು, ಕಾಗದದ ಮೂಲ ಪ್ರತಿ, ವಿಶ್ವವಿದ್ಯಾಲಯದ ದಾಖಲಾತಿ ಪತ್ರ ಕೈಚೀಲದಲ್ಲೇ ಇರಲಿ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಮೊದಲು ಕೇಳುವುದು ಅವನ್ನೇ.

ಹೆತ್ತವರೇ, ಈಗ ನಿಮ್ಮೊಂದಿಗೆ. ಅಕ್ಕನ ನಿಕಾಹ್‌ಗೆ ತಮ್ಮ ಇಲ್ಲದಿದ್ದರೆ ಹೇಗೆ ಎಂಬ ನಿಮ್ಮ ಸಂಕಟ ಸಹಜ. ಆದರೆ ದಿನ ನಿಶ್ಚಯಿಸುವ ಮೊದಲು ಮಗನನ್ನು “ನಿನ್ನ ಕಾರ್ಡು ಬಂತಾ?” ಎಂದು ಕೇಳಿ. ಕಾಯಿಲೆ, ಮರಣದ ಸುದ್ದಿ ಇದಕ್ಕಿಂತ ಕಠಿಣ. ನಮ್ಮಲ್ಲಿ ಮಯ್ಯತ್ತನ್ನು ತಡಮಾಡದೆ ದಫನ ಮಾಡುತ್ತೇವೆ. ಅಲ್ಲಿಂದ ಹೊರಟವನು ಎಷ್ಟೋ ಸಲ ಅದಕ್ಕೆ ತಲುಪುವುದಿಲ್ಲ. ಮರಳುವ ದಾರಿಯೂ ಮುಚ್ಚಿದರೆ ಒಂದು ಸೆಮಿಸ್ಟರ್, ಕೆಲವೊಮ್ಮೆ ಇಡೀ ಓದು ಕೈತಪ್ಪುತ್ತದೆ. ಬರಲಾಗದ ಮಗನನ್ನು ಕಲ್ಲು ಹೃದಯದವನು ಎಂದು ಯಾರೂ ಆಡಿಕೊಳ್ಳದಂತೆ ನೀವು ನೋಡಿಕೊಳ್ಳಬೇಕು. ಅವನ ದುಆಗೆ ಪರ್ಮಿಟ್ ಬೇಕಿಲ್ಲ.

ಮಕ್ಕಳೇ, ತಲುಪಿದ ವಾರವೇ ವಿಳಾಸ ನೋಂದಾಯಿಸಿ, ತಡಮಾಡದೆ ಅರ್ಜಿ ಹಾಕಿ. ಟಿಕೆಟ್‌ಗೆ ಮುನ್ನ “ಹೋದರೆ ಮರಳಿ ಬರಬಹುದೇ?” ಎಂದು ಕಚೇರಿಯನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಝಕಾತಿನ ಎಂಟು ಹಕ್ಕುದಾರರಲ್ಲಿ ದಾರಿಯಲ್ಲಿ ಸಿಲುಕಿದ ಪ್ರಯಾಣಿಕನೂ ಒಬ್ಬ. ಅಂಥ ಕಷ್ಟ ಬಂದರೆ ಸಂಕೋಚಪಡದೆ ಟ್ರಸ್ಟಿಗೆ ತಿಳಿಸಿ. ಅಲ್ಲಾಹನು ನಿಮ್ಮ ಪ್ರಯಾಣವನ್ನೂ ಮರಳುವಿಕೆಯನ್ನೂ ಸುಗಮಗೊಳಿಸಲಿ. ಆಮೀನ್.

ವಸ್ಸಲಾಮ್.