ಕಡಲಿನ ಮೇಟಿಕಂಬ



ನಾನು ಹೇಳಹೊರಟಿರುವುದು ಲೊಕ್ಕನಹಳ್ಳಿಗೆ ಬಲು ದೂರದ ವಿಷಯ. ನಡುಗಡಲಿನಲ್ಲಿ ತೈಲ ತೆಗೆಯುವ ಹಡಗನ್ನು ಕಟ್ಟಿಹಾಕುವುದು ಹೇಗೆ?

ಕಂಬ ನೆಟ್ಟು ಕಟ್ಟೆ ಕಟ್ಟಲಾಗದಷ್ಟು ಆಳವಿದ್ದ ಕಡೆ ಹಡಗನ್ನೇ ಕಾರ್ಖಾನೆ ಮಾಡಿ ವರ್ಷಗಟ್ಟಲೆ ನಿಲ್ಲಿಸುತ್ತಾರೆ. ಆಂಧ್ರದ ಕಾಕಿನಾಡದ ಆಚೆ, ಬಂಗಾಳ ಕೊಲ್ಲಿಯಲ್ಲಿ, 2008ರಲ್ಲಿ ಧೀರೂಭಾಯಿ-1 ಎಂಬ ಹಡಗು ಹೀಗೆ ಕೆಲಸ ಶುರುಮಾಡಿತು. ಅಲ್ಲಿ ಆಳ ಸುಮಾರು 1,200 ಮೀಟರ್. ತಳದ ಬಾವಿಗಳಿಂದ ಬರುವ ಪೈಪುಗಳು ಹಡಗಿಗೆ ಸೇರಿರುತ್ತವೆ. ಹಡಗು ಅತಿಯಾಗಿ ಸರಿದರೆ ಅವು ಕಿತ್ತುಹೋಗುತ್ತವೆ.

ಬಿಗಿಯಾಗಿ ಕಟ್ಟಿದರಾಯಿತಲ್ಲ ಎನ್ನಬಹುದು. ಸರಪಳಿಯನ್ನು ಸೆಟೆದು ಕಟ್ಟಿದರೆ ದೊಡ್ಡ ಅಲೆ ಬಂದಾಗ ತುಂಡಾಗುತ್ತದೆ. ಹಾಗಾಗಿ ಅದನ್ನು ಜೋಲುಬಿಟ್ಟು, ಕೆಳತುದಿಯ ಉದ್ದ ಭಾಗ ಕಡಲ ತಳದಲ್ಲಿ ಮಲಗುವಂತೆ ಮಾಡುತ್ತಾರೆ. ಗಾಳಿ ಹಡಗನ್ನು ತಳ್ಳಿದಾಗ ಮಲಗಿದ್ದ ಸರಪಳಿ ಕೊಂಡಿ ಕೊಂಡಿಯಾಗಿ ಮೇಲೇಳಬೇಕು. ಆ ಭಾರವೇ ಹಡಗನ್ನು ವಾಪಸ್ಸು ಎಳೆಯುತ್ತದೆ. ತುಂಬ ಆಳದಲ್ಲಿ ಸರಪಳಿಯ ತೂಕವೇ ಹೊರೆಯಾಗುವುದರಿಂದ ನಡುವೆ ಪಾಲಿಯೆಸ್ಟರ್ ಹಗ್ಗ ಹಾಕುವುದುಂಟು. ಹೌದು, ಸೀರೆಗೆ ಬಳಸುವ ಅದೇ ಪಾಲಿಯೆಸ್ಟರ್! ನೀರಿನಲ್ಲಿ ಹಗುರ, ಎಳೆದರೆ ಸ್ವಲ್ಪ ಹಿಗ್ಗುತ್ತದೆ.

ಗಾಳಿಯ ದಿಕ್ಕು ಬದಲಾದರೆ? ಹಿರಿಯರಿಗೆ ಕಣದ ಮೇಟಿಕಂಬ ನೆನಪಿರಬೇಕು. ಕಂಬ ನಿಂತಿರುತ್ತದೆ, ಎತ್ತುಗಳು ಸುತ್ತುತ್ತವೆ. ಹಡಗಿನಲ್ಲೂ ಅಂಥದೊಂದು ದುಂಡನೆಯ ಕಂಬವಿದೆ, ಟರೆಟ್ ಎನ್ನುತ್ತಾರೆ. ಸರಪಳಿ, ಪೈಪು ಎಲ್ಲ ಸೇರುವುದು ಇದಕ್ಕೇ. ಇದು ತಿರುಗುವುದಿಲ್ಲ; ಹಡಗು ಇದರ ಸುತ್ತ ತಿರುಗಿ ಗಾಳಿಗೆ ಮುಖ ಕೊಡುತ್ತದೆ. ಅಡ್ಡಲಾಗಿ ನಿಂತರೆ ಪೆಟ್ಟು ಜಾಸ್ತಿ.

ಇದರ ತಮ್ಮ ನಮ್ಮ ರಾಜ್ಯದಲ್ಲೇ ಇದ್ದಾನೆ. ಮಂಗಳೂರಿನ ತೀರದಿಂದ 15 ಕಿ.ಮೀ.ಗೂ ಆಚೆ, ಎಂಆರ್‌ಪಿಎಲ್ ಕಾರ್ಖಾನೆಗಾಗಿ 2013ರಿಂದ ಒಂದು ತೇಲುಬುರುಡೆ ಕೆಲಸ ಮಾಡುತ್ತಿದೆ. ಬಂದರಿನೊಳಗೆ ಬರಲಾಗದ ಭಾರಿ ತೈಲ ಹಡಗುಗಳು ಅದಕ್ಕೆ ಹಗ್ಗ ಕಟ್ಟಿ, ಸುತ್ತ ತಿರುಗುತ್ತಲೇ ತೈಲ ಇಳಿಸುತ್ತವೆ. ತೈಲ ಸಮುದ್ರದಡಿಯ ಪೈಪಿನಲ್ಲಿ ದಡ ಸೇರುತ್ತದೆ.

ಕಟ್ಟು ಸೋತರೆ ಏನಾಗುತ್ತದೆ ಎಂಬುದನ್ನು 2021ರ ಮೇ 17ರಂದು ಕಂಡೆವು. ತೌಕ್ತೆ ಚಂಡಮಾರುತದಲ್ಲಿ, ಮುಂಬೈ ಆಚೆಯ ತೈಲ ಕ್ಷೇತ್ರದಲ್ಲಿದ್ದ ಪಿ-305 ಎಂಬ ಬಾರ್ಜಿನ ಲಂಗರುಗಳು ಹಿಡಿತ ಬಿಟ್ಟವು. ಅದು ತೇಲಿಹೋಗಿ ಮುಳುಗಿತು. ಅದರಲ್ಲಿದ್ದವರು 261 ಜನ. 70ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ನಮ್ಮಂತೆಯೇ ದುಡಿಮೆಗೆಂದು ಊರು ಬಿಟ್ಟು ಹೋದವರು. ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಬಂದಿತ್ತು. ಹಾಗಿದ್ದೂ ಅಷ್ಟು ಜನರನ್ನು ಅಲ್ಲೇ ಉಳಿಸಿದ್ದನ್ನು ಬರೀ ಪ್ರಕೃತಿ ವಿಕೋಪ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ವರ್ಷಗಟ್ಟಲೆ ನಿಲ್ಲುವ ಹಡಗುಗಳಿಗೆ ಲೆಕ್ಕ ಹಾಕುವಾಗ ಒಂದು ಸರಪಳಿ ತುಂಡಾದರೂ ಉಳಿದವು ಹಿಡಿಯಬೇಕು ಎಂಬ ನಿಯಮವಿದೆ. ಎಳೆತವನ್ನು ಅಳೆಯುವ ಉಪಕರಣಗಳಿವೆ, ಅವುಗಳ ಅಂಕಿಯನ್ನು ಹಗಲಿರುಳು ನೋಡುವುದು ನಮ್ಮಂಥವರು ಬರೆಯುವ ಸಾಫ್ಟ್‌ವೇರ್. ಧೀರೂಭಾಯಿ-1ರಲ್ಲಿ ಇನ್ನೊಂದು ಉಪಾಯವಿತ್ತು. ಭಾರಿ ಚಂಡಮಾರುತ ಬರುವುದಿದ್ದರೆ ಬಾವಿಗಳನ್ನು ಮುಚ್ಚಿ ಕಟ್ಟನ್ನೇ ಕಳಚಬಹುದು. ಸರಪಳಿ, ಪೈಪುಗಳನ್ನು ಹೊತ್ತ ಬುರುಡೆ ಅಲೆಗಳ ಕೆಳಗೆ ಇಳಿದು ತೇಲುತ್ತಿರುತ್ತದೆ. ಹಡಗು ಜನರನ್ನು ಕರೆದುಕೊಂಡು ದೂರ ಹೋಗುತ್ತದೆ, ಗಾಳಿ ಇಳಿದ ಮೇಲೆ ಬಂದು ಮತ್ತೆ ಕೂಡಿಕೊಳ್ಳುತ್ತದೆ.